ಗೋಡೆಗೆ ಬುದ್ಧಿ ಕಲಿಸಿದ ಮೇಷ್ಟ್ರು

ಅನಂತಪದ್ಮನಾಭ ಮೇಷ್ಟ್ರ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಮುಖ ಅವರದು, ಈ ಮುಖ ನನ್ನದು. ಜಯನಗರದ ನಮ್ಮ ಸಾಲನ್ನು ಕಟ್ಟಿದ ಕಾಲದಲ್ಲಿ ಎರಡೆರಡು ಮನೆಗಳನ್ನು ಹೀಗೆ ಬೆನ್ನಿಗೆ ಬೆನ್ನು ಕೊಟ್ಟು ಎಬ್ಬಿಸಿದ್ದರು. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ. ಸಾಲಿನ ಮಿಕ್ಕ ಮನೆಗಳನ್ನೆಲ್ಲ ಒಡೆದು ನಾಲ್ಕು ಅಂತಸ್ತು ಮಾಡಿದ್ದಾರೆ. ನಮ್ಮ ಜೋಡಿ ಮಾತ್ರ ಉಳಿದಿದೆ. ಒಬ್ಬರು ಒಡೆದರೆ ಇನ್ನೊಬ್ಬರ ಮನೆಗೆ ಬೆನ್ನೇ ಇರುವುದಿಲ್ಲವಲ್ಲ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ. ನಾನು ಮೆಣಸಿನಕಾಯಿ ಹುರಿದರೆ ಅವರು ಸೀನುತ್ತಾರೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ, ವಿಜ್ಞಾನ ಹೇಳಿಕೊಟ್ಟವರು. ರಿಟೈರಾದ ಮೇಲೆ ಹುಡುಗರು ಸಿಗಲಿಲ್ಲ, ಬೀದಿಗೇ ಪಾಠ ಶುರುವಾಯಿತು. ತರಕಾರಿ ಗಾಡಿಯವನು ತಕ್ಕಡಿ ಎತ್ತಿದರೆ, ಅದರ ತೋಳು ಎಷ್ಟು ಉದ್ದ ಇರಬೇಕೆಂದು ಅವನಿಗೆ ಹೇಳುತ್ತಾರೆ. ಅವನು ಈಗ ನಮ್ಮ ಬೀದಿ ಬಿಟ್ಟು ಮುಂದಿನ ಬೀದಿಯಲ್ಲಿ ಕೂಗುತ್ತಾನೆ. ಮನೆ ರಿಪೇರಿಗೆ ಹೊರಗಿನವರನ್ನು ಕರೆಯುವುದೆಂದರೆ ಮೇಷ್ಟ್ರಿಗೆ ಪರೀಕ್ಷೆಯಲ್ಲಿ ಪಕ್ಕದವನ ಪೇಪರು ನೋಡಿ ಬರೆದ ಹಾಗೆ. ಕರಣೆ, ಸುತ್ತಿಗೆ, ತೂಗುಗುಂಡು ಎಲ್ಲವೂ ಅವರ ಹತ್ತಿರವೇ ಇವೆ. ಒಮ್ಮೆ ನನ್ನ ಹಿತ್ತಲ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಂದು ಭಾನುವಾರ ಬಂದು ಸರಿ ಮಾಡಿದರು. ಅವತ್ತಿನಿಂದ ಚೆನ್ನಾಗಿ ಮುಚ್ಚಿಕೊಂಡಿದೆ. ತೆಗೆಯುವುದಕ್ಕೆ ಬರುವುದಿಲ್ಲ. ಹೇಳಿದ್ದಕ್ಕೆ, “ಕಳ್ಳರ ಭಯ ಹೋಯ್ತಲ್ಲ ಸಾಕಮ್ಮನೋರೆ” ಎಂದರು.

ಅವರ ಹೆಂಡತಿ ವಿಮಲಮ್ಮನದು ಮಾತು ಕಡಿಮೆ. ಆಡಿದರೆ ಒಂದೇ ಮಾತು, ಅದು ಇಡೀ ದಿನಕ್ಕೆ ಸಾಕು.

ಅವರ ಅಡುಗೆಮನೆಯ ಹಿಂದೆ, ಮನೆಯೊಳಗೇ, ಒಂದು ಓಣಿ ಇದೆ. ಒಬ್ಬರು ನಡೆಯುವಷ್ಟೇ ಅಗಲ, ಕಿಟಕಿ ಇಲ್ಲ. ಬೆಳಗಿನ ಹೊತ್ತು ಅದು ಮೇಷ್ಟ್ರ ಮಡಿಯ ಜಾಗ. ಸ್ನಾನ, ಜಪ, ಪೂಜೆ, ಊಟ ಎಲ್ಲ ಮುಗಿಯುವ ತನಕ ಬೇರೆ ಯಾರೂ ಆ ಕಡೆ ಸುಳಿಯುವ ಹಾಗಿಲ್ಲ. ವಿಮಲಮ್ಮನೂ ಅಷ್ಟೆ. ಊಟವಾದ ಮೇಲೆ ಅಲ್ಲಿ ಪೊರಕೆಯನ್ನೂ ಇಡಬಹುದು, ನಾನೂ ಹೋಗಬಹುದು. ಆ ಓಣಿಯ ಒಂದು ಗೋಡೆಯೇ ನಮ್ಮಿಬ್ಬರ ಗೋಡೆ.

ಅದೇ ಗೋಡೆಗೆ ಒರಗಿ ಈ ಕಡೆ ನನ್ನ ಬಚ್ಚಲು. ಬಚ್ಚಲಿನಲ್ಲಿ ಇಟ್ಟಿಗೆಯ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ನಮ್ಮ ಯಜಮಾನರು ತಾವೇ ನಿಂತು ಕೂರಿಸಿದ್ದು. ಒಲೆಯ ಇಟ್ಟಿಗೆಯನ್ನು ಗೋಡೆಯ ಇಟ್ಟಿಗೆಗೆ ಹೆಣೆದು ಕಟ್ಟಿಸಿದ್ದರು. ಗೋಡೆ ಬಿದ್ದರೆ ಒಲೆಯೂ ಬಿತ್ತು. ಅವರು ಹೋದ ಮೇಲೂ ನಾನು ದಿನಾ ತೆಂಗಿನ ಚಿಪ್ಪು ಹಾಕಿ ಅದರಲ್ಲೇ ನೀರು ಕಾಯಿಸುತ್ತೇನೆ. ಚಳಿಗಾಲದಲ್ಲಿ ಒಲೆಯ ಪಕ್ಕ ಒಂದು ಮಣೆ ಹಾಕಿಕೊಂಡು ಸುಮ್ಮನೆ ಕೂತುಬಿಡುವುದೂ ಉಂಟು.

ಇಂಥ ಗೋಡೆಗೆ ತೇವ ಬಂತು.

ಮೊದಲು ಅಂಗೈಯಷ್ಟು ಇತ್ತು. ಆಮೇಲೆ ಮೊರದಷ್ಟಾಯಿತು. ಬಣ್ಣ ಉಬ್ಬಿ ಹಪ್ಪಳದ ಹಾಗೆ ಎದ್ದಿತು, ಮುಟ್ಟಿದರೆ ಉಪ್ಪಿನಂಥ ಬಿಳಿ ಪುಡಿ ಉದುರಿತು. ಎಲ್ಲವೂ ಅವರ ಮುಖದಲ್ಲೇ, ನನ್ನ ಮುಖ ಒಣಗಿಯೇ ಇತ್ತು. ಮೇಷ್ಟ್ರು ಒಂದು ಮಧ್ಯಾಹ್ನ ನನ್ನನ್ನು ಕರೆದು ತೋರಿಸಿದರು.

“ನೋಡಿ ಸಾಕಮ್ಮನೋರೆ, ಇಂಥ ಎಷ್ಟು ಹುಡುಗರನ್ನ ನೋಡಿಲ್ಲ ನಾನು! ಇದಕ್ಕೆ ಬುದ್ಧಿ ಕಲಿಸ್ತೀನಿ.”

ಗಾರೆ ಕೆರೆದು ಸಿಮೆಂಟು ಮೆತ್ತಿದರು. ತೇವ ಸಿಮೆಂಟಿನ ಮೇಲ್ಗಡೆ ಕಾಣಿಸಿತು. “ನೋಡಿದ್ರಾ, ತಪ್ಪಿಸ್ಕೊಂಡು ಮೇಲಕ್ಕೆ ಹತ್ತಿದೆ” ಎಂದು ಇನ್ನೂ ಮೇಲಕ್ಕೆ ಮೆತ್ತಿದರು. ಮೊಬೈಲಿನಲ್ಲಿ ಯಾರೋ ಹೇಳಿದ್ದು ನೋಡಿ, ಡಬ್ಬಿಯಲ್ಲಿ ಬರುವ ರಬ್ಬರಿನಂಥ ಬಣ್ಣ ಬಳಿದರು. ಅದು ಒಂದು ವಾರ ಹೊಳೆಯಿತು, ಆಮೇಲೆ ಬಲೂನಿನ ಹಾಗೆ ಊದಿಕೊಂಡಿತು. ಮಧ್ಯಾಹ್ನವೆಲ್ಲ ಗೋಡೆಗೆ ಎದುರಾಗಿ ಟೇಬಲ್ ಫ್ಯಾನು ಇಟ್ಟರು. ಸಂಜೆಗೆ ಗೋಡೆ ಒಣಗಿತು. ಮಾರನೆಯ ದಿನ ಊಟ ಮುಗಿಸಿ ಹೋಗಿ ನೋಡಿದರೆ ಮತ್ತೆ ಒದ್ದೆ.

“ನಾನು ಎದುರಿಗಿದ್ರೆ ಒಣಗುತ್ತೆ, ಬೆನ್ನು ತಿರುಗಿಸಿದ್ರೆ ಒದ್ದೆಯಾಗುತ್ತೆ. ಹಿಂದಿನ ಬೆಂಚಿನ ಬುದ್ಧಿ!” ಎಂದರು ಮೇಷ್ಟ್ರು.

“ಹಾಗಾದ್ರೆ ಅಲ್ಲೇ ಹಾಸಿಗೆ ಹಾಕ್ಕೊಳ್ಳಿ” ಎಂದರು ವಿಮಲಮ್ಮ.

ಗೋಡೆಯ ಫೋಟೋ ತೆಗೆದು, ಪರಿಹಾರ ತಿಳಿದವರು ತಿಳಿಸಬೇಕೆಂದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಎದುರು ಮನೆಯ ಶರ್ವಾಣಿ ಎಂಬ ಹುಡುಗಿ, ಸಖತ್ತಾಗಿದೆ ಅಂಕಲ್, ಶ್ರೀಲಂಕಾ ಮ್ಯಾಪ್ ಥರ ಇದೆ ಎಂದು ಬರೆದಳು. ಮೂಲೆಮನೆಯವರು, ಅಲ್ಲ, ಅದು ಗಣಪತಿ ಎಂದು ಬರೆದರು. ಸಂಜೆಗೆ ಇಬ್ಬರು ಹೆಂಗಸರು ಗರಿಕೆ ಹಿಡಿದು ಬಂದರು.

“ಇದು ದೇವರಲ್ಲಮ್ಮ, ಡ್ಯಾಂಪು!” ಎಂದು ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

“ನಿಮಗೇನು ಗೊತ್ತು ಸಾರ್? ಸೊಂಡಿಲು ಬಲಕ್ಕಿದೆ” ಎಂದು ಒಬ್ಬರು ಅವರ ಕಂಕುಳ ಸಂದಿಯಿಂದಲೇ ಕೈ ಮುಗಿದು ಹೋದರು.

ಇದಾದ ಮೇಲೆ ಮೇಷ್ಟ್ರು ಗೋಡೆಗೆ ಏನೂ ಬಳಿಯಲಿಲ್ಲ. ಕುರ್ಚಿ ಹಾಕಿಕೊಂಡು ಯೋಚನೆ ಮಾಡಿದರು. ಗೋಡೆ ಒದ್ದೆಯಾಗುವುದು ಬೆಳಗ್ಗೆ. ಹಾಗಾದರೆ ಬೆಳಗ್ಗೆ ಆ ಗೋಡೆಯ ಹತ್ತಿರ ನೀರು ಬಳಸುವವರು ಯಾರು? ಎದ್ದು ನೇರವಾಗಿ ನಮ್ಮ ಮನೆಗೆ ಬಂದರು.

“ಸಾಕಮ್ಮನೋರೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸ್ನಾನದ ನೀರು ನಮ್ಮ ಮನೆಗೆ ಬರ್ತಾ ಇದೆ.”

ನಾನು ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ನನ್ನ ಮೋರಿ ಗೋಡೆಯ ಬುಡದಲ್ಲಿದೆ. ಅವರ ತೇವ ನನ್ನ ತಲೆಗಿಂತ ಒಂದು ಗೇಣು ಮೇಲಿನಿಂದ ಶುರುವಾಗುತ್ತದೆ.

“ನೀರು ಕೆಳಕ್ಕಲ್ಲವೇ ಮೇಷ್ಟ್ರೆ ಹೋಗೋದು?”

“ದೀಪದ ಬತ್ತೀಲಿ ಎಣ್ಣೆ ಮೇಲಕ್ಕೆ ಹತ್ತಲ್ವೇ? ಅದೇ ಇದು. ಇಟ್ಟಿಗೆ ಬತ್ತಿ ಇದ್ದ ಹಾಗೆ.”

ದಿನಾ ದೀಪ ಹಚ್ಚುವವಳು ನಾನು. ಇಲ್ಲ ಎನ್ನುವುದು ಹೇಗೆ? ಮೇಷ್ಟ್ರ ಮಾತಿನಂತೆ ಸ್ನಾನವನ್ನು ಸಂಜೆಗೆ ಹಾಕಿಕೊಂಡೆ. ಗೋಡೆ ಬೆಳಗ್ಗೆಯೇ ಒದ್ದೆಯಾಗುತ್ತಿತ್ತು. “ಹಳೇ ಅಭ್ಯಾಸ, ಬಿಡೋದಕ್ಕೆ ಟೈಮ್ ಬೇಕು” ಎಂದರು.

ಕೊನೆಗೆ ಒಂದು ಸಂಜೆ ಬಟ್ಟೆಗೆ ಹಾಕುವ ನೀಲಿಯ ದೊಡ್ಡ ಸೀಸೆ ಹಿಡಿದು ಬಂದರು. ಇದು ಪ್ರಯೋಗವಂತೆ. ನನ್ನ ಮೋರಿಗೆ ನೀಲಿ ಹಾಕುವುದು, ಅವರ ಗೋಡೆಯಲ್ಲಿ ನೀಲಿ ಬಂದರೆ ತಪ್ಪು ನನ್ನ ಬಚ್ಚಲಿನದು. ಬಾರದಿದ್ದರೆ ಇನ್ನು ಆ ಮಾತೇ ಎತ್ತುವುದಿಲ್ಲ. ನನಗೂ ಇದು ನ್ಯಾಯವೆನಿಸಿತು. ಅರ್ಧ ಸೀಸೆ ಸುರಿದರು. ನನ್ನ ಪಾದ, ಮಣೆ, ತಂಬಿಗೆ ಎಲ್ಲ ನೀಲಿಯಾಯಿತು. ಬೀದಿಯ ಚರಂಡಿಯೂ ನೀಲಿಯಾಗಿ, ಹೂವಿನವಳು ನನ್ನ ಕಾಲು ನೋಡಿ, “ಏನಜ್ಜಿ, ಕೃಷ್ಣ ಪರಮಾತ್ಮ ಆಗ್ತಾ ಇದೀರಾ?” ಎಂದು ಕೇಳಿದಳು. ಮಿಕ್ಕ ಅರ್ಧ ಸೀಸೆಗೆ ಬಿರಡೆ ಬಿಗಿದು ಮೇಷ್ಟ್ರು ಮನೆಗೆ ತೆಗೆದುಕೊಂಡು ಹೋದರು. ಅವರು ಏನನ್ನೂ ದಂಡ ಮಾಡುವವರಲ್ಲ.

ಆ ವಾರದಲ್ಲೇ ಗೋಡೆಯಲ್ಲಿ ನೀಲಿ ಬಂತು.

ನಾನೇ ಹೋಗಿ ನೋಡಿದೆ. ಸುಳ್ಳಲ್ಲ. ಗಣಪತಿ ಇದ್ದ ಜಾಗದಲ್ಲಿ ತಿಳಿ ನೀಲಿ ಗೆರೆಗಳು. ಕೈಯಿಂದ ಒರೆಸಿದೆ, ಬೆರಳಿಗೂ ಹತ್ತಿತು. ಮೇಷ್ಟ್ರು ಜೋರು ಮಾಡಲಿಲ್ಲ. ಗೆದ್ದ ಮೇಲೆ ಅವರು ಬಹಳ ಮೃದು.

“ಗೋಡೆ ಮಧ್ಯ ಬಿಚ್ಚಿ, ನಿಮ್ಮ ಬಚ್ಚಲು ಕಿತ್ತು, ಹೊಸದಾಗಿ ಕಟ್ಟಿಸೋಣ. ಪೂರ್ತಿ ನನ್ನ ಖರ್ಚು. ಹಂಡೆ ಜಾಗಕ್ಕೆ ಗೀಸರ್ ಹಾಕಿಸಿಕೊಡ್ತೀನಿ, ಸ್ವಿಚ್ ಒತ್ತಿದ್ರೆ ಬಿಸಿನೀರು.”

ನಾನು ಮೂರನೇ ಕ್ಲಾಸಿನ ತನಕ ಓದಿದವಳು. ಆದರೂ ಒಪ್ಪಿದ ಪರೀಕ್ಷೆಯಲ್ಲಿ ಸೋತ ಮೇಲೆ ತಕರಾರು ಮಾಡಬಾರದೆಂಬುದು ಗೊತ್ತು. ನನ್ನ ನೀರು ಇನ್ನೊಬ್ಬರ ಗೋಡೆ ಕೊಳೆಸುವುದಾದರೆ ಹಂಡೆ ಇಟ್ಟುಕೊಂಡು ಏನು ಮಾಡಲಿ? ಆಗಲಿ ಎಂದೆ. ವಿಮಲಮ್ಮ ಕಾಂಪೌಂಡಿನ ಆಚೆಯಿಂದ ಹುಳಿಯ ಬಟ್ಟಲು ಕೊಡುವಾಗ ನನ್ನ ಮುಖ ನೋಡಲಿಲ್ಲ. “ಬೇಡ ಅನ್ನಬಾರದಿತ್ತೇ ಅಕ್ಕ?” ಎಂದು ಮೆಲ್ಲಗೆ ಕೇಳಿದರು. “ನೀಲಿ ಬಂದಿದೆಯಲ್ಲ ವಿಮಲಮ್ಮ” ಎಂದೆ. ಒಳಗೆ ಹೋಗಿ ಹುಣಿಸೆಹಣ್ಣು ಹಾಕಿ ಹಂಡೆಯನ್ನು ತಿಕ್ಕಿದೆ. ಒಡೆಯುವವರ ಕಣ್ಣಿಗೆ ಕೊಳಕಾಗಿ ಕಾಣುವುದು ಬೇಡ ಅನಿಸಿತು.

ಒಡೆಯುವ ಕೆಲಸ ಮೇಷ್ಟ್ರ ಕೈಮೀರಿದ್ದು. ಅವರ ಬಾಳಿನಲ್ಲಿ ಮೊದಲ ಸಲ ಹೊರಗಿನ ಮೇಸ್ತ್ರಿಯನ್ನು ಕರೆದರು. ಬಸವಂತ ಎಂದು ಹೆಸರು, ಬಾಗಲಕೋಟೆ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಾನೆ. ಮೊಬೈಲಿಗೆ ಕಳಿಸಿದ ಫೋಟೋ ನೋಡಿಯೇ ಕೆಲಸ ಒಪ್ಪಿಕೊಂಡಿದ್ದ. ಹೇಳಿದ ದಿನ ಬೆಳಗ್ಗೆಯೇ ಸುತ್ತಿಗೆ, ಉಳಿ, ಖಾಲಿ ಚೀಲ ಹಿಡಿದು ನನ್ನ ಅಂಗಳಕ್ಕೆ ಬಂದ. ಬಚ್ಚಲೊಳಗೆ ಹೋಗಿ ಒಲೆ ನೋಡಿದ, ಗೋಡೆಗೆ ಅಂಗೈ ಇಟ್ಟ.

“ಯಮ್ಮಾ, ಇದು ಬೆಣಚುಕಲ್ಲಿನಂಗ ಒಣಗೈತಲ್ರಿ. ಹಸಿ ಎಲ್ಲೈತಿ?”

“ಆ ಕಡೆಯಪ್ಪ. ಮೇಷ್ಟ್ರ ಕಡೆ.”

“ಹಂಗಾರ ಆ ಕಡೀನೂ ನೋಡಬೇಕಲ್ರಿ. ಒಳಗ ಕರೆಂಟಿನ ವೈರ್ ಐತೋ, ಪೈಪ್ ಐತೋ. ಎರಡೂ ಮಕ ನೋಡದ ನಾ ಸುತ್ತಿಗಿ ಎತ್ತಂಗಿಲ್ರಿ.”

ಮೇಷ್ಟ್ರು ಆಗಷ್ಟೇ ಸ್ನಾನ ಮಾಡಿ ಮಡಿಯುಟ್ಟು ಕಾಂಪೌಂಡಿನ ಹತ್ತಿರ ಬಂದು ನಿಂತಿದ್ದರು. ಯಾರನ್ನೂ ಮುಟ್ಟದ ಹಾಗೆ ಎರಡು ಕೈಯನ್ನೂ ಎದೆಗೆ ಕಟ್ಟಿಕೊಂಡು ಅಲ್ಲಿಂದಲೇ ಹೇಳಿದರು, “ಈಗಾಗಲ್ಲ. ನನ್ನ ಪೂಜೆ, ಊಟ ಆಗಲಿ. ಹನ್ನೆರಡರ ಮೇಲೆ ನೋಡು.”

“ಹನ್ನೆರಡಕ್ಕ ಅಂಜನಾಪುರದಾಗ ಕೆಲಸ ಐತ್ರಿ ಸರ. ಅಲ್ಲಿ ಕಾಂಕ್ರೀಟ್ ಕಲಸಿ ಕುಂತಿರ್ತಾರ.”

“ನೋಡದೇ ಒಡಿ. ನಾನು ಹೇಳ್ತಾ ಇದೀನಲ್ಲ, ವೈರ್ ಇಲ್ಲ.”

“ನೀವ್ ಹೇಳಿದ್ದು ಖರೇನೇ ಇರ್ಬೇಕ್ರಿ. ಆದ್ರ ಕರೆಂಟ್ ಹೊಡಿಯೋದು ನಂಗಲ್ರೀ?”

ಮೇಷ್ಟ್ರು ಪೇಚಿಗೆ ಸಿಕ್ಕಿದರು. ಮಡಿ ಬಿಡುವ ಹಾಗಿಲ್ಲ, ಮೇಸ್ತ್ರಿಯನ್ನೂ ಬಿಡುವ ಹಾಗಿಲ್ಲ. ಓಣಿಯ ಕಡೆ ನೋಡಿದರು, ಸುತ್ತಿಗೆಯ ಕಡೆ ನೋಡಿದರು. ಕೊನೆಗೆ, “ಬಾಗಿಲಲ್ಲಿ ನಿಂತು ನೋಡು. ಏನನ್ನೂ ಮುಟ್ಟಬೇಡ. ಹೊಸಿಲು ದಾಟಬೇಡ” ಎಂದರು. ಬಸವಂತ ಚಪ್ಪಲಿ ಬಿಟ್ಟು ನಡೆದ. ಅವನ ಹಿಂದೆ ವಿಮಲಮ್ಮ, ಅವರ ಹಿಂದೆ ನಾನು. ಬೆಳಗಿನ ಹೊತ್ತಿನಲ್ಲಿ ಆ ಓಣಿಯೊಳಗೆ ನಾವು ಮೂವರೂ ಇಣುಕಿದ್ದು ಅದೇ ಮೊದಲು.

ಕತ್ತಲಿತ್ತು. ಬಸವಂತ ಮೊಬೈಲಿನ ಬೆಳಕು ಬಿಟ್ಟ.

ಸೂರಿನ ಹತ್ತಿರ, ಗೋಡೆಯ ಉದ್ದಕ್ಕೂ ಒಂದು ಬಿದಿರು ಗಳ. ಗಳದ ಮೇಲೆ ಮೇಷ್ಟ್ರ ನಾಳೆಯ ಮಡಿ, ಪಂಚೆ ಮತ್ತು ಉತ್ತರೀಯ. ಈಗತಾನೇ ನೀರಿನಿಂದ ತೆಗೆದು, ಹಿಂಡದೆ, ಹಾಗೆಯೇ ಕೋಲಿನಿಂದ ಎತ್ತಿ ಹರವಿದ್ದು. ಜಾಗ ಇಕ್ಕಟ್ಟಾಗಿದ್ದರಿಂದ ಪಂಚೆ ಮೇಲಿನಿಂದ ಕೆಳಗಿನ ತನಕ ಗೋಡೆಗೆ ಅಂಟಿಕೊಂಡಿತ್ತು. ಅದರ ನೀರು ನೆಲಕ್ಕೆ ಒಂದು ಹನಿಯೂ ಬೀಳದೆ, ಸದ್ದೇ ಇಲ್ಲದೆ, ಗೋಡೆಯ ಮೇಲೆ ಇಳಿಯುತ್ತಿತ್ತು. ಇಳಿಯುತ್ತಿದ್ದ ನೀರು ತಿಳಿ ನೀಲಿ.

ಬಸವಂತನೇ ಮೊದಲು ಹೇಳಿದ.

“ಸರ, ಗ್ವಾಡಿ ಅಳಾಕತ್ತಿಲ್ರಿ. ನಿಮ್ಮ ಧೋತ್ರ ಅಳಾಕತ್ತೈತ್ರಿ.”

ಮೇಷ್ಟ್ರು ನಮ್ಮೆಲ್ಲರ ಹಿಂದೆ ನಿಂತು ತುದಿಗಾಲಿನಲ್ಲಿ ನೋಡುತ್ತಿದ್ದರು. ದಿನಾ ಅವರು ಕತ್ತು ಎತ್ತಿ ಪಂಚೆ ಹರವಿ, ತಿರುಗಿ, ನೇರ ದೇವರ ಮನೆಗೆ ಹೋಗುವವರು. ಮಧ್ಯಾಹ್ನ ಗೋಡೆ ಪರೀಕ್ಷೆಗೆ ಬರುವ ಹೊತ್ತಿಗೆ ಪಂಚೆ ಒಣಗಿ, ಮಡಿಸಿ ಎತ್ತಿಟ್ಟಾಗಿರುತ್ತಿತ್ತು. ಕಳ್ಳನೂ ಪೊಲೀಸೂ ಒಂದೇ ಜಾಗದಲ್ಲಿ ಒಂದು ದಿನವೂ ಭೇಟಿಯಾಗಿರಲಿಲ್ಲ.

“ಈ ನೀಲಿ?” ಎಂದರು ವಿಮಲಮ್ಮ.

“ಅರ್ಧ ಸೀಸೆ ಉಳಿದಿತ್ತು” ಎಂದರು ಮೇಷ್ಟ್ರು. ದನಿ ಸಣ್ಣಗಾಗಿತ್ತು. “ಪಂಚೆ ಹಳದಿಗೆ ತಿರುಗಿತ್ತು. ದಿನಾ ಒಂಚೂರು ಬಕೆಟ್ಟಿಗೆ ಹಾಕ್ತಿದ್ದೆ.”

ನಾನು ನನ್ನ ಪಾದ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ.

“ಅದಿರಲಿ, ಹಿಂಡೋದಕ್ಕೇನಾಗಿತ್ತು ನಿಮಗೆ?” ಎಂದು ವಿಮಲಮ್ಮ ಕೇಳಿದರು.

ಮೇಷ್ಟ್ರು ಬಲಗೈಯನ್ನು ಬೆನ್ನ ಹಿಂದೆ ತೆಗೆದುಕೊಂಡರು. ಆಗ ವಿಮಲಮ್ಮನಿಗೆ ತಿಳಿಯಿತು, ನನಗೂ ತಿಳಿಯಿತು. ಮೇಷ್ಟ್ರು ಕೆಲವು ತಿಂಗಳ ಹಿಂದೆ ಸ್ಕೂಟರಿನಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದರು. ಪಟ್ಟಿ ಬಿಚ್ಚಿದ ದಿನವೇ, ಮೊದಲಿಗಿಂತ ಗಟ್ಟಿಯಾಗಿದೆ ಎಂದು ಇಡೀ ಬೀದಿಗೆ ಹೇಳಿದ್ದರು. ತೇವ ಕಾಣಿಸಿದ್ದು ಅದಾದ ಮೇಲೆಯೇ.

“ಹಿಂಡಕ್ಕಾಗಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ರೀ?”

“ಆಗುತ್ತೆ. ಪೂರ್ತಿ ಆಗಲ್ಲ, ಅಷ್ಟೆ.”

“ಸಿಮೆಂಟ್ ಕಲಸಕ್ಕೆ ಆಗುತ್ತೆ?”

“ಅದು ಎಡಗೈಲಿ.”

ವಿಮಲಮ್ಮನಿಗೆ ನಗು ಬಂತೋ ಸಿಟ್ಟು ಬಂತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಸವಂತ ಮಾತ್ರ ಕೆಲಸದವನ ಹಾಗೆ ದಾರಿ ಹುಡುಕಿದ. “ಗಳಾನ ಆಚೀ ಕಡಿ ಸರಸೂನ್ರಿ” ಎಂದ. ಓಣಿ ಇರುವುದೇ ಅಷ್ಟು ಅಗಲ. ಈ ಗೋಡೆ ಬಿಟ್ಟರೆ ಆ ಗೋಡೆ, ಆ ಗೋಡೆಯ ಹಿಂದೆ ದೇವರ ಮನೆ. “ಬಿಸಿಲಿಗೆ ಹಾಕ್ರಿ ಹಂಗಾರ” ಎಂದ. ಬಿಸಿಲಿಗೆ ಹಾಕಿದರೆ ಕಾಗೆ ಮುಟ್ಟುತ್ತದೆ. ಕಾಗೆ ಮುಟ್ಟಿದರೆ ಮಡಿ ಹೋಯಿತು.

“ಒಟ್ಟ ನನ್ನ ಸುತ್ತಿಗಿ ಬ್ಯಾಡ ಅಂದಂಗಾತಲ್ರಿ?” ಎಂದು ಬಸವಂತ ಮೇಷ್ಟ್ರನ್ನು ಕೇಳಿದ.

ಎಲ್ಲರೂ ಮೇಷ್ಟ್ರ ಬಾಯಿ ನೋಡಿದೆವು. ಅವರಿಗೆ ತಪ್ಪಾಯಿತು ಎಂದು ಹೇಳಿ ಅಭ್ಯಾಸವಿಲ್ಲ. ಎಷ್ಟೋ ವರ್ಷ ಹುಡುಗರ ತಪ್ಪು ತಿದ್ದಿದವರು. ಗೋಡೆ ಒಡೆಸಿದರೂ ಒಡೆಸಿಯಾರು ಅನಿಸಿತು. ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರು.

“ಸಾಕಮ್ಮನೋರೆ, ನಿಮ್ಮ ಬಚ್ಚಲು ಪಾಸು.”

“ನೀವು?” ಎಂದರು ವಿಮಲಮ್ಮ.

ಮೇಷ್ಟ್ರು ದೇವರ ಮನೆಗೆ ಹೋಗಿ ಜೋರಾಗಿ ಗಂಟೆ ಬಾರಿಸಿದರು.

ಬಸವಂತ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ. ನಾನು ಕೊಟ್ಟ ಕಾಫಿ ಕುಡಿದ. ಹೋಗುವಾಗ ಬಚ್ಚಲ ಕಡೆ ನೋಡಿ, “ಒಲಿ ಛಲೋ ಕಟ್ಟ್ಯಾರ ಬಿಡ್ರಿ ಯಮ್ಮಾ. ಒಡ್ಯಾಕ ಮನಸ ಇರಲಿಲ್ಲ ನಂಗೂ” ಎಂದ.

ಮಾರನೆಯ ದಿನ ಬೆಳಗ್ಗೆ ಒಲೆ ಹೊತ್ತಿಸಿ ಕೂತಿದ್ದೆ. ಗೋಡೆಯ ಆಚೆ ಎರಡು ದನಿ. ವಿಮಲಮ್ಮನೂ ಮುಂಚೆ ಎದ್ದು ಸ್ನಾನ ಮಾಡಿ ಮಡಿಯಾಗಿದ್ದರು. ಪಂಚೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಮೇಷ್ಟ್ರ ಕೈಯಲ್ಲಿ ಎಂದು ಮಾತಿನಿಂದಲೇ ಗೊತ್ತಾಯಿತು.

“ಎಡಕ್ಕೆ ತಿರುಗಿಸು ವಿಮಲಾ.”

“ತಿರುಗಿಸ್ತಾನೇ ಇದೀನಿ.”

“ಎಲ್ಲಿ? ಪಂಚೆ ಸುಮ್ನೆ ಗಿರಗಿರ ಸುತ್ತುತಾ ಇದೆ, ಒಂದು ಹನಿ ನೀರಿಲ್ಲ!”

“ಯಾರ ಎಡ ರೀ? ನನ್ನ ಎಡವೋ ನಿಮ್ಮ ಎಡವೋ?”

“ಎಡ ಅಂದ್ರೆ ಎಡ! ಸ್ವಲ್ಪ ತಡಿ, ಲೆಕ್ಕ ಹಾಕ್ತೀನಿ. ನಾನು ಪೂರ್ವಕ್ಕೆ ನಿಂತಿದೀನಿ, ನೀನು ಪಶ್ಚಿಮಕ್ಕೆ...”

“ನೀವು ಲೆಕ್ಕ ಹಾಕೋದ್ರಲ್ಲಿ ಗೋಡೆ ನೆನೆಯುತ್ತೆ.”

ಸ್ವಲ್ಪ ಹೊತ್ತು ಕಾದೆ. ಲೆಕ್ಕ ಮುಗಿಯುವ ಹಾಗೆ ಕಾಣಲಿಲ್ಲ. ಒಲೆಗೆ ಎರಡು ಚಿಪ್ಪು ಹಾಕಿ, ಗೋಡೆಯ ಹತ್ತಿರ ಬಾಯಿಟ್ಟು ಕೂಗಿದೆ.

“ಮೇಷ್ಟ್ರೆ, ನೀವು ಸುಮ್ನೆ ಹಿಡ್ಕೊಂಡು ನಿಂತ್ಕೊಳ್ಳಿ. ವಿಮಲಮ್ಮ ಒಬ್ಬರೇ ತಿರುಗಿಸ್ಲಿ.”

ಆ ಕಡೆ ಬಕೆಟ್ಟಿಗೆ ಚರ್‍ರೆಂದು ನೀರು ಬಿದ್ದ ಸದ್ದು.

“ನಾನೂ ಅದನ್ನೇ ಹೇಳ್ತಾ ಇದ್ದಿದ್ದು” ಎಂದರು ಮೇಷ್ಟ್ರು.